ದಿನದ ಕೆಲಸದೊಳಗೇ ನೆಮ್ಮದಿ, ಖುಷಿ, ನೆನಪು: ತಾಯಂದಿರಿಗೊಂದು ಮಾರ್ಗದರ್ಶಿ

ತಾಯಂದಿರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಕೆಲಸದ ಪಟ್ಟಿಗೆ ಇನ್ನೊಂದು ಕೆಲಸ ಸೇರಿಸುವಂಥವು. ನಸುಕಿನಲ್ಲೆದ್ದು ಧ್ಯಾನ ಮಾಡಿ, ರಾತ್ರಿ ದಿನಚರಿ ಬರೆಯಿರಿ, ವಾರದಲ್ಲೊಂದು ದಿನ ನಿಮಗಾಗಿಯೇ ಮೀಸಲಿಡಿ. ಕೇಳುವುದಕ್ಕೆ ಚೆನ್ನಾಗಿರುತ್ತದೆ. ಆದರೆ ರಾತ್ರಿಯಿಡೀ ಎದ್ದೆದ್ದು ಮಗುವನ್ನು ಸಂತೈಸಿದವಳಿಗೆ ನಸುಕಿನಲ್ಲೇಳಲು ಹೇಳುವುದು ಶಿಕ್ಷೆ ಕೊಟ್ಟ ಹಾಗೆ.

ಈ ಲೇಖನ ನಿಮ್ಮಿಂದ ಹೊಸ ಸಮಯ ಕೇಳುವುದಿಲ್ಲ. ಹೇಗೂ ಮಾಡಲೇಬೇಕಾದ ಕೆಲಸಗಳಿಗೆ ಅಂಟಿಸಿಕೊಳ್ಳಬಹುದಾದ ಕೆಲವು ಅಭ್ಯಾಸಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಮಕ್ಕಳನ್ನು ಬೆಳೆಸುತ್ತಾ ನನಗೆ ಖಾತ್ರಿಯಾದದ್ದು ಇಷ್ಟು: ನೆಮ್ಮದಿ, ಖುಷಿ, ನೆನಪು ಈ ಮೂರರ ಬೇರೂ ಒಂದೇ. ಕಣ್ಣ ಮುಂದಿರುವುದನ್ನು ಒಂದು ಗಳಿಗೆ ಗಮನವಿಟ್ಟು ನೋಡುವುದೇ ಆ ಬೇರು. ಗಮನವಿಟ್ಟು ನೋಡಿದ್ದು ಖುಷಿ ಕೊಡುತ್ತದೆ, ಮುಂದೆ ನೆನಪಾಗಿಯೂ ಉಳಿಯುತ್ತದೆ. ಆದರೆ ಮೈ ಸೋತು, ತಲೆ ತುಂಬಿಹೋಗಿರುವಾಗ ಗಮನ ಎನ್ನುವುದೇ ಹುಟ್ಟುವುದಿಲ್ಲ. ಆದ್ದರಿಂದ ಹೆಜ್ಜೆಗಳ ಕ್ರಮ ಮುಖ್ಯ. ಮೊದಲ ಎರಡನ್ನು ಬಿಟ್ಟು ನೇರವಾಗಿ ಖುಷಿಗೆ ಹಾರಬೇಡಿ.

ಮೊದಲ ಹೆಜ್ಜೆ: ಇದು ದಣಿವೋ, ಕಾಯಿಲೆಯೋ ಎಂದು ನೋಡಿಕೊಳ್ಳಿ

ಹುಟ್ಟಿದ ಹೊಸತರಲ್ಲಿ ಮಗು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಆದರೆ ಆ ನಿದ್ದೆ ತುಂಡು ತುಂಡಾಗಿರುತ್ತದೆ. ಪುಟ್ಟ ಹೊಟ್ಟೆಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ಹೀಗಾಗಿ ತಾಯಿಯ ನಿದ್ದೆಯೂ ಚೂರುಚೂರು. ಹೀಗೆ ವಾರಗಟ್ಟಲೆ ಕಳೆದವಳಿಗೆ ಸಣ್ಣ ಮಾತಿಗೂ ಕಣ್ಣು ತುಂಬಿದರೆ, ಯಾವುದರಲ್ಲೂ ರುಚಿ ಇಲ್ಲವೆನಿಸಿದರೆ ಅವಳ ಪ್ರೀತಿಯಲ್ಲಿ ಕೊರತೆ ಇದೆ ಎಂದು ಅರ್ಥವಲ್ಲ. ಅವಳಿಗೆ ಮೊದಲು ಬೇಕಾದದ್ದು ಯಾರೂ ಎಬ್ಬಿಸದ ನಾಲ್ಕೈದು ಗಂಟೆಯ ಒಂದೇ ಪಟ್ಟಿನ ನಿದ್ದೆ. ಮನೆಯಲ್ಲಿ ಇನ್ನೊಬ್ಬ ದೊಡ್ಡವರಿದ್ದರೆ ರಾತ್ರಿಯನ್ನು ಎರಡು ಪಾಳಿಯಾಗಿ ಹಂಚಿಕೊಳ್ಳಿ. ಈ ಲೇಖನದ ಉಳಿದೆಲ್ಲ ಹೆಜ್ಜೆಗಳಿಗಿಂತ ಅದರಿಂದಲೇ ಹೆಚ್ಚು ಉಪಯೋಗವಾದೀತು.

ಹೆರಿಗೆಯಾದ ಕೆಲವೇ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಡೋಲಾಯಮಾನವಾಗುವುದು ಬಹಳ ಮಂದಿ ತಾಯಂದಿರಿಗೆ ಆಗುತ್ತದೆ. ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ. ಎರಡು ವಾರ ದಾಟಿಯೂ ಅದು ಇಳಿಯದಿದ್ದರೆ, ಮಗು ಮಲಗಿದಾಗಲೂ ನಿಮಗೆ ನಿದ್ದೆ ಹತ್ತದಿದ್ದರೆ, ಮಗುವಿನ ಮುಖ ನೋಡಿದರೂ ಏನೂ ಅನಿಸದಿದ್ದರೆ, ಅದನ್ನು ಹೆರಿಗೆಯ ನಂತರದ ಖಿನ್ನತೆ ಇರಬಹುದೆಂದು ಭಾವಿಸಿ ವೈದ್ಯರ ಬಳಿ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಹೆತ್ತ ಹೊಸತರಲ್ಲಿ ಶೇ. 13ರಷ್ಟು ಮಹಿಳೆಯರು ಮಾನಸಿಕ ಕಾಯಿಲೆಯೊಂದಕ್ಕೆ, ಮುಖ್ಯವಾಗಿ ಖಿನ್ನತೆಗೆ, ಒಳಗಾಗುತ್ತಾರೆ. ಎಂಟು ತಾಯಂದಿರಲ್ಲಿ ಒಬ್ಬರು ಎಂದಾಯಿತು. ಇದನ್ನು ಗುರುತಿಸಲು 1987ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಇಂದಿಗೂ ಹಲವು ದೇಶಗಳ ವೈದ್ಯರು ಬಳಸುತ್ತಾರೆ. ಹಿಂದಿನ ಏಳು ದಿನ ನಿಮಗೆ ಹೇಗನಿಸಿತು ಎಂದಷ್ಟೇ ಅದು ಕೇಳುತ್ತದೆ, ಉತ್ತರಿಸಲು ಐದು ನಿಮಿಷವೂ ಹಿಡಿಯುವುದಿಲ್ಲ. ವೈದ್ಯರನ್ನು ಕೇಳಿ ಆ ಪಟ್ಟಿಯನ್ನು ಪಡೆದುಕೊಳ್ಳಿ. ಔಷಧಿ, ಆಪ್ತಸಮಾಲೋಚನೆ ಎರಡೂ ಈ ಖಿನ್ನತೆಗೆ ಕೆಲಸ ಮಾಡುತ್ತವೆ.

ನಿಮಗೇ ಏನಾದರೂ ಮಾಡಿಕೊಳ್ಳುವ ಅಥವಾ ಮಗುವಿಗೆ ಏನಾದರೂ ಮಾಡಿಬಿಡುವ ಯೋಚನೆ ಸುಳಿದರೆ ನಾಳೆಯವರೆಗೆ ಕಾಯಬೇಡಿ. ಹತ್ತಿರವಿರುವವರಿಗೆ ಆ ಕ್ಷಣವೇ ಹೇಳಿ, ಅಂದೇ ಆಸ್ಪತ್ರೆಗೆ ಹೋಗಿ. ಅಂಥ ಯೋಚನೆಗೆ ಉಸಿರಾಟದ ಅಭ್ಯಾಸ, ಡೈರಿ ಯಾವುದೂ ಮದ್ದಲ್ಲ.

ಎರಡನೆಯ ಹೆಜ್ಜೆ: ತಲೆಯೊಳಗಿನ ಪಟ್ಟಿಯನ್ನು ಹೊರಗೆ ತೆಗೆಯಿರಿ

ಬಟ್ಟೆ ಒಗೆಯುವುದು, ನೆಲ ಒರೆಸುವುದು ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸ ಇದಕ್ಕಿಂತ ದೊಡ್ಡದು. ಮುಂದಿನ ಲಸಿಕೆ ಯಾವತ್ತು, ಮಗುವಿನ ಉಗುರು ಬೆಳೆದಿದೆ, ಬೂಟು ಬಿಗಿಯಾಗುತ್ತಿದೆ, ಕೆಮ್ಮಿನ ಔಷಧಿ ಮುಗಿಯುತ್ತಾ ಬಂತು, ಶಾಲೆಗೆ ಸಹಿ ಮಾಡಿ ಕಳಿಸಬೇಕಾದ ಕಾಗದ ಇನ್ನೂ ಮೇಜಿನ ಮೇಲೇ ಇದೆ. ಇವನ್ನೆಲ್ಲ ಯಾರೋ ಒಬ್ಬರು ಸದಾ ನೆನಪಿಟ್ಟುಕೊಂಡಿರಬೇಕು. ಹೆಚ್ಚಿನ ಮನೆಗಳಲ್ಲಿ ಆ ಒಬ್ಬರು ತಾಯಿಯೇ. ಕೈ ಖಾಲಿಯಾದಾಗಲೂ ಅವಳ ತಲೆ ಖಾಲಿಯಾಗುವುದಿಲ್ಲ. ಮಗು ನಗುತ್ತಿರುವಾಗ ಅವಳ ಕಣ್ಣು ಮಗುವಿನ ಮೇಲಿದ್ದರೂ ಮನಸ್ಸು ಆ ಸಹಿಯಾಗದ ಕಾಗದದ ಮೇಲಿರುತ್ತದೆ.

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ನೆನಪಿಟ್ಟುಕೊಂಡಿರುವುದನ್ನೆಲ್ಲ, ಎಷ್ಟೇ ಕ್ಷುಲ್ಲಕವಾಗಿರಲಿ, ಬರೆಯಿರಿ. ಒಂದೇ ಸಲಕ್ಕೆ ಮುಗಿಯಬೇಕಿಲ್ಲ. ಹಾಳೆ ಗೋಡೆಯ ಮೇಲೆ ಎರಡು ದಿನ ಇರಲಿ, ಹೊಳೆದಾಗ ಹೊಳೆದಾಗ ಸೇರಿಸಿ. ಆಮೇಲೆ ಮೂರು ಗುರುತು ಹಾಕಿ: ಬಿಟ್ಟುಬಿಡಬಹುದಾದದ್ದು, ಬೇರೆಯವರಿಗೆ ಕೊಡಬಹುದಾದದ್ದು, ನಾನೇ ಮಾಡಬೇಕಾದದ್ದು. ಮೊದಲ ಗುರುತನ್ನು ಧಾರಾಳವಾಗಿ ಹಾಕಿ. ಮಗುವಿನ ಒಳಬಟ್ಟೆಯನ್ನು ಇಸ್ತ್ರಿ ಮಾಡದಿದ್ದರೆ ಲೋಕವೇನೂ ಮುಳುಗುವುದಿಲ್ಲ.

ಬೇರೆಯವರಿಗೆ ಕೊಡುವಾಗ ಎಚ್ಚರ ಬೇಕು. ‘ಇವತ್ತು ಮಗುವಿನ ಉಗುರು ಕತ್ತರಿಸಿಬಿಡಿ’ ಎಂದು ಹೇಳಿದರೆ ಕತ್ತರಿಸುವ ಕೆಲಸ ಮಾತ್ರ ಅತ್ತ ಹೋಯಿತು, ನೆನಪಿಡುವ ಕೆಲಸ ನಿಮ್ಮಲ್ಲೇ ಉಳಿಯಿತು. ‘ಉಗುರಿನ ಜವಾಬ್ದಾರಿ ಇನ್ನು ನಿಮ್ಮದು’ ಎಂದು ಪೂರ್ತಿ ಕೊಟ್ಟುಬಿಡಿ. ಕೊಟ್ಟ ಮೇಲೆ ಮತ್ತೆ ಇಣುಕಬೇಡಿ. ಎರಡು ದಿನ ತಡವಾಗಬಹುದು, ನಿಮ್ಮಷ್ಟು ನಾಜೂಕಾಗಿ ಆಗದೇ ಇರಬಹುದು. ಅದನ್ನು ಸಹಿಸಿಕೊಳ್ಳುವುದೇ ಇದರ ಕಷ್ಟದ ಭಾಗ. ಆದರೆ ತಿಂಗಳೊಂದು ಕಳೆಯುವಷ್ಟರಲ್ಲಿ ಉಗುರೆಂಬ ವಿಷಯವೇ ನಿಮ್ಮ ತಲೆಯಿಂದ ಮಾಯವಾಗಿರುತ್ತದೆ.

ಒಬ್ಬಂಟಿಯಾಗಿ ಮಕ್ಕಳನ್ನು ಬೆಳೆಸುತ್ತಿರುವ ತಾಯಿಗೆ ಹಂಚಲು ಜನರೇ ಇರುವುದಿಲ್ಲ. ಅವಳು ಮೊದಲ ಗುರುತನ್ನು ಇನ್ನಷ್ಟು ಧಾರಾಳವಾಗಿ ಬಳಸಲಿ. ಉಳಿದದ್ದಕ್ಕೆ ಮೊಬೈಲಿನ ಅಲಾರಂ ಇಟ್ಟುಕೊಳ್ಳಲಿ. ಯಂತ್ರಕ್ಕೆ ನೆನಪಿಡಲು ಬರುವುದನ್ನು ಮನುಷ್ಯರ ತಲೆ ಹೊರಬೇಕಾಗಿಲ್ಲ.

ಮೂರನೆಯ ಹೆಜ್ಜೆ: ಶಾಂತಿಯನ್ನು ಒಂದು ಕೆಲಸಕ್ಕೆ ಕಟ್ಟಿಹಾಕಿ

ನಾವು ಉಸಿರು ಒಳಗೆಳೆದುಕೊಂಡಾಗ ಎದೆಬಡಿತ ತುಸು ಚುರುಕಾಗುತ್ತದೆ, ಹೊರಬಿಟ್ಟಾಗ ತುಸು ನಿಧಾನವಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ಎಂಬ ನರ ಈ ಕೆಲಸ ಮಾಡುತ್ತದೆ. ಹೊರಬಿಡುವ ಉಸಿರು ಉದ್ದವಾದಷ್ಟೂ ದೇಹಕ್ಕೆ ‘ಅಪಾಯವಿಲ್ಲ’ ಎಂಬ ಸೂಚನೆ ಹೋಗುತ್ತದೆ. ಇದಕ್ಕೆ ಚಾಪೆಯೂ ಬೇಡ, ಮುಚ್ಚಿದ ಕೋಣೆಯೂ ಬೇಡ. ನಾಲ್ಕು ಎಣಿಸುವಷ್ಟು ಒಳಗೆ, ಆರರಿಂದ ಎಂಟು ಎಣಿಸುವಷ್ಟು ಹೊರಗೆ. ಐದು ಸಲ ಮಾಡಿದರೆ ಒಂದು ನಿಮಿಷ.

ಬಿಡುವಾದಾಗ ಮಾಡೋಣ ಎಂದುಕೊಂಡರೆ ಇದು ಎಂದೂ ಆಗುವುದಿಲ್ಲ. ದಿನವೂ ಹತ್ತಾರು ಸಲ ಮುಟ್ಟುವ ಒಂದು ವಸ್ತುವನ್ನು ಆರಿಸಿಕೊಳ್ಳಿ. ನಲ್ಲಿ, ಮನೆಯ ಬಾಗಿಲ ಚಿಲಕ, ಮಗುವಿನ ತೊಟ್ಟಿಲ ಅಂಚು, ಯಾವುದಾದರೂ ಸರಿ. ಅದನ್ನು ಮುಟ್ಟಿದಾಗಲೆಲ್ಲ ಒಂದು ಉದ್ದನೆಯ ಉಸಿರು ಹೊರಬಿಡಿ. ನನ್ನದು ನಲ್ಲಿ. ಕೈ ತೊಳೆಯುವಾಗ ನೀರಿನ ತಂಪು, ಬೆರಳ ಸಂದಿಯಲ್ಲಿ ಜಾರುವ ಸೋಪು, ಹೊರಹೋಗುವ ಉಸಿರು ಇಷ್ಟರ ಮೇಲೆ ಮಾತ್ರ ಮನಸ್ಸಿಡುತ್ತೇನೆ. 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ರೋಗಿಗಳಿಗಾಗಿ ಆರಂಭಿಸಿದ ಎಂಟು ವಾರದ ಒತ್ತಡ ನಿವಾರಣೆಯ ತರಬೇತಿಯ ತಿರುಳೂ ಇದೇ: ನಡೆಯುತ್ತಿರುವುದನ್ನು ಅದು ನಡೆಯುವಾಗಲೇ ಗಮನಿಸುವುದು. ಅಲ್ಲಿ ದಿನವೂ ಮುಕ್ಕಾಲು ಗಂಟೆ ಕೂರಿಸುತ್ತಾರೆ. ಎಳೆಗೂಸಿನ ತಾಯಿಗೆ ಆ ಮುಕ್ಕಾಲು ಗಂಟೆ ಸಿಗುವುದಿಲ್ಲ, ನಲ್ಲಿ ಸಿಗುತ್ತದೆ.

ಶಾಂತವಾಗಿದ್ದಾಗ ಶಾಂತವಾಗಿರುವುದು ಸುಲಭ. ಪರೀಕ್ಷೆ ಇರುವುದು ಹೊರಡುವ ಹೊತ್ತಿನಲ್ಲಿ. ಮೂರು ವರ್ಷದ ಮಗು ಬಾಗಿಲಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದೆ. ಬಲಗಾಲಿಗೆ ಎಡಗಾಲಿನದು. ಹಿಮ್ಮಡಿ ಒಳಹೋಗುತ್ತಿಲ್ಲ, ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಹೊರಗಿಣುಕಿದೆ. ನೀವು ಬಗ್ಗಿ ಸರಿಮಾಡಲು ಹೋದಿರೋ, ‘ನಾನೇ!’ ಎಂದು ಕಿರುಚಿ ಎರಡೂ ಬೂಟು ಕಿತ್ತೆಸೆಯುತ್ತದೆ. ಬಸ್ಸಿಗೆ ಹತ್ತು ನಿಮಿಷ ಉಳಿದಿದೆ. ಇಲ್ಲಿ ಏನು ಮಾಡಬೇಕು?

ಮೊದಲು ಕೂತುಬಿಡಿ. ನಿಂತವರ ಮೈಯಲ್ಲಿ ಆತುರ ಹೆಚ್ಚು, ಕೂತೊಡನೆ ನಿಮ್ಮ ಭುಜವೂ ಇಳಿಯುತ್ತದೆ, ಮಗುವಿನ ಕಣ್ಣಿನ ಮಟ್ಟವೂ ಸಿಗುತ್ತದೆ. ಒಂದು ಉದ್ದನೆಯ ಉಸಿರು ಬಿಡಿ. ಆಮೇಲೆ ಬುದ್ಧಿ ಹೇಳಬೇಡಿ, ಕಂಡದ್ದನ್ನು ಹೇಳಿ: ‘ನೀನೇ ಹಾಕಿಕೊಳ್ಳಬೇಕು ಅಂತಿದ್ದೆ, ಅದು ಹೋಗುತ್ತಿಲ್ಲ. ಸಿಟ್ಟು ಬಂತು.’ ಮಿದುಳಿನ ಮುಂಭಾಗ, ಅಂದರೆ ಆವೇಶಕ್ಕೆ ಕಡಿವಾಣ ಹಾಕುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತೈದು ವರ್ಷದ ಆಸುಪಾಸಿನಲ್ಲಿ. ಮೂರರ ಮಗುವಿನ ಬಳಿ ಇನ್ನೂ ಇಲ್ಲದ್ದನ್ನು ಕೇಳಿ ಪಡೆಯಲಾಗದು. ಅದು ನಿಮ್ಮ ಶಾಂತಿಯನ್ನು ಕಡ ಪಡೆದು ತಾನು ಶಾಂತವಾಗುತ್ತದೆ. ಅಳು ಇಳಿದ ಮೇಲೆ ಒಂದು ಆಯ್ಕೆ ಕೊಡಿ: ‘ಈ ಬೂಟನ್ನು ನೀನು ಹಿಡಿದುಕೋ, ನಾನು ಹಿಂದೆ ಎಳೆಯುತ್ತೇನೆ. ಇಲ್ಲವೇ ನಾನು ಹಿಡಿದುಕೊಳ್ಳುತ್ತೇನೆ, ನೀನು ಎಳೆ.’ ಎಲ್ಲ ಸಲವೂ ಇದು ಫಲಿಸುವುದಿಲ್ಲ. ಕೆಲವು ದಿನ ಬೂಟು ಕೈಯಲ್ಲಿ ಹಿಡಿದು, ಅಳುವ ಮಗುವನ್ನು ಕಂಕುಳಿಗೆ ಏರಿಸಿಕೊಂಡೇ ಓಡಬೇಕಾಗುತ್ತದೆ. ಹಾಗೆ ಓಡಿದ್ದು ಕೂಡ ತಾಯ್ತನವೇ.

ನಾಲ್ಕನೆಯ ಹೆಜ್ಜೆ: ರೇಗಿದ ಮೇಲೆ ಮರಳಿ ಬನ್ನಿ

ಎಷ್ಟೇ ಉಸಿರು ಎಣಿಸಿದರೂ ರೇಗುವ ದಿನ ಬಂದೇ ಬರುತ್ತದೆ. ಅಂದು ರಾತ್ರಿ ತಾಯಿಯನ್ನು ಹಿಂಡುವ ಪಾಪಪ್ರಜ್ಞೆಯಷ್ಟು ನೆಮ್ಮದಿಗೇಡು ಬೇರೊಂದಿಲ್ಲ. ಅದಕ್ಕೆ ಈ ಎರಡು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಬ್ರಿಟನ್ನಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1953ರಲ್ಲೇ ಬರೆದರು: ಮಗುವಿಗೆ ಬೇಕಾದದ್ದು ಕುಂದಿಲ್ಲದ ತಾಯಿಯಲ್ಲ, ಸಾಕಷ್ಟು ಒಳ್ಳೆಯ ತಾಯಿ. ಮೊದಮೊದಲು ಮಗುವಿನ ಅಗತ್ಯಕ್ಕೆ ಪೂರ್ತಿ ಒದಗುವ ತಾಯಿ, ಮಗು ತಾಳಿಕೊಳ್ಳುವಷ್ಟರಮಟ್ಟಿಗೆ ಮೆಲ್ಲಮೆಲ್ಲನೆ ಒದಗದೆ ಹೋಗುತ್ತಾಳೆ. ಆ ಸಣ್ಣ ನಿರಾಶೆಗಳ ಮೂಲಕವೇ ಮಗು ಲೋಕವನ್ನು ಕಲಿಯುತ್ತದೆ.

ಇನ್ನೊಂದು, ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗ. ಮಗುವಿನ ಜತೆ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಯಾವ ಭಾವವೂ ಇಲ್ಲದ ಮುಖ ಮಾಡಿ ಕೆಲವು ನಿಮಿಷ ಸುಮ್ಮನೆ ಕೂರಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ, ತಾಯಿಯನ್ನು ಮರಳಿ ಪಡೆಯಲು ತನಗೆ ಗೊತ್ತಿರುವುದನ್ನೆಲ್ಲ ಮಾಡುತ್ತದೆ. ಕೊನೆಗೆ ಮುಖ ತಿರುಗಿಸಿಕೊಂಡು ಸೊರಗುತ್ತದೆ. ಪ್ರಯೋಗದ ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ತಾಯಿ ಮತ್ತೆ ನಗುತ್ತಾ ಮಾತಾಡಿಸಿದಾಗ ಮಗು ಮೊದಲು ತುಸು ಮುನಿದು, ಆಮೇಲೆ ಮತ್ತೆ ಆಟಕ್ಕೆ ಕೂಡಿಕೊಳ್ಳುತ್ತದೆ ಎಂಬ ಭಾಗವನ್ನು ಹೇಳುವವರು ಕಡಿಮೆ. ಒಳ್ಳೆಯ ಬಾಂಧವ್ಯವಿರುವ ತಾಯಿ-ಮಗು ಕೂಡ ಒಬ್ಬರಿಗೊಬ್ಬರು ಸರಿಯಾಗಿ ಹೊಂದಿಕೊಂಡಿರುವುದು ಸುಮಾರು ಶೇ. 30ರಷ್ಟು ಹೊತ್ತು ಮಾತ್ರ ಎಂದು ಟ್ರಾನಿಕ್ ಮುಂದೆ ಕಂಡುಕೊಂಡರು. ಉಳಿದ ಹೊತ್ತು ತಾಳ ತಪ್ಪುವುದು, ಮತ್ತೆ ಕೂಡಿಸಿಕೊಳ್ಳುವುದು.

ಕೂಡಿಸಿಕೊಳ್ಳುವುದನ್ನು ಕಲಿಯಿರಿ. ಸಿಟ್ಟು ಇಳಿದ ಮೇಲೆ ಮಗುವಿನ ಪಕ್ಕ ಕೂತು, ‘ನಾನು ಜೋರಾಗಿ ಕೂಗಿಬಿಟ್ಟೆ. ನಿನಗೆ ಭಯವಾಯಿತು ಅಲ್ಲವಾ? ಕೂಗಬಾರದಿತ್ತು’ ಎಂದಷ್ಟೇ ಹೇಳಿ. ‘ನೀನು ಹಾಗೆ ಮಾಡಿದ್ದಕ್ಕೇ ತಾನೇ ನಾನು ಕೂಗಿದ್ದು’ ಎಂಬ ಬಾಲಂಗೋಚಿ ಬೇಡ, ಅದು ಬಂದರೆ ಕ್ಷಮೆ ಕೇಳಿದಂತಾಗುವುದಿಲ್ಲ. ಮಾತು ಬಾರದ ಕೂಸಿಗೂ ಹೇಳಿ. ಧ್ವನಿ ಅದಕ್ಕೆ ಅರ್ಥವಾಗುತ್ತದೆ. ಮೊಬೈಲಿಗೂ ಇದೇ ಪಾಠ ಸಲ್ಲುತ್ತದೆ. ಸಂದೇಶ ಓದುವಾಗ ನಮ್ಮ ಮುಖ ನಿರ್ಭಾವವಾಗುತ್ತದೆ, ಮಗು ಆ ಮುಖವನ್ನು ನೋಡುತ್ತಿರುತ್ತದೆ. ‘ಒಂದು ನಿಮಿಷ, ಇದನ್ನು ಓದಿ ಬರುತ್ತೇನೆ’ ಎಂದು ಹೇಳಿ ಓದಿ, ಓದಿ ಮುಗಿಸಿ ಮರಳಿ ಬನ್ನಿ.

ಐದನೆಯ ಹೆಜ್ಜೆ: ಖುಷಿಗೆ ಎರಡು ಬಾಗಿಲು ತೆರೆದಿಡಿ

ಮಗುವಿನಿಂದ ಬರುವ ಖುಷಿ ಒಂದು, ನಿಮ್ಮದೇ ಆದ ಖುಷಿ ಇನ್ನೊಂದು. ಎರಡನೆಯದನ್ನು ಮುಚ್ಚಿಬಿಟ್ಟರೆ ಮೊದಲನೆಯದರ ಮೇಲೆ ಸಲ್ಲದ ಭಾರ ಬೀಳುತ್ತದೆ. ತನ್ನ ತಾಯಿಯ ಸಂತೋಷಕ್ಕೆ ತಾನೊಬ್ಬನೇ ಹೊಣೆ ಎಂದು ಯಾವ ಮಗುವಿಗೂ ಅನಿಸಬಾರದು.

ಮಗುವಿನೊಂದಿಗಿನ ಖುಷಿಗೆ ನನಗೆ ಗೊತ್ತಿರುವ ಅತ್ಯುತ್ತಮ ದಾರಿ, ದಿನಕ್ಕೆ ಹತ್ತು ನಿಮಿಷ ಮಗುವಿನ ಹಿಂಬಾಲಕಿಯಾಗುವುದು. ನೆಲದ ಮೇಲೆ ಕೂರಿ. ಆಟ ಯಾವುದೆಂದು ಮಗು ಹೇಳಲಿ. ಕಲಿಸಬೇಡಿ, ತಿದ್ದಬೇಡಿ, ‘ಇದು ಯಾವ ಬಣ್ಣ?’ ಎಂದು ಪರೀಕ್ಷೆ ಮಾಡಬೇಡಿ. ಅದು ಮಾಡುತ್ತಿರುವುದನ್ನು ಮಾತಿನಲ್ಲಿ ಹೇಳುತ್ತಾ ಹೋದರೆ ಸಾಕು. ಮೊದಲ ಎರಡು ಮೂರು ನಿಮಿಷ ಬೇಸರವಾಗುತ್ತದೆ, ಕೈ ಮೊಬೈಲಿನತ್ತ ಹೋಗುತ್ತದೆ. ಅದನ್ನು ದಾಟಿ ಕೂತರೆ ಕಾಣತೊಡಗುತ್ತದೆ: ಮುಚ್ಚಳವೊಂದನ್ನು ಡಬ್ಬಿಗೆ ಕೂರಿಸಲು ಮಗು ಅದನ್ನು ಹೇಗೆ ಹೇಗೆಲ್ಲ ತಿರುಗಿಸುತ್ತದೆ, ಕೂತೊಡನೆ ಯಾರಾದರೂ ನೋಡಿದರೋ ಎಂದು ಹೇಗೆ ತಲೆಯೆತ್ತುತ್ತದೆ. ಅದು ತಲೆಯೆತ್ತಿದ ಕ್ಷಣದಲ್ಲಿ ನಿಮ್ಮ ಕಣ್ಣು ಅಲ್ಲಿರಲಿ.

ನಿಮ್ಮದೇ ಖುಷಿಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ತಾಯಿಯಾಗುವ ಮೊದಲು ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ? ಹಾಡುವುದು, ಓದುವುದು, ಗಿಡ ನೆಡುವುದು, ಹೊಲಿಯುವುದು, ಓಡುವುದು. ಅದರ ಅತಿ ಸಣ್ಣ ತುಣುಕನ್ನು ದಿನಕ್ಕೆ ತನ್ನಿ. ಪುಸ್ತಕದ ಎರಡು ಪುಟ. ಒಂದು ಹಾಡು, ಪೂರ್ತಿ ಗಂಟಲು ಬಿಟ್ಟು. ಮಗು ನೋಡುತ್ತಿರುವಾಗಲೇ ಮಾಡಿ. ತಾಯಿಗೂ ಇಷ್ಟಗಳಿವೆ ಎಂದು ಮಗು ತಿಳಿಯುವುದು ಹೀಗೇ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಾ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಾಲೇಜು ವಿದ್ಯಾರ್ಥಿಗಳು ವಾರಕ್ಕೊಮ್ಮೆಯಂತೆ 10 ವಾರ ತಾವು ಕೃತಜ್ಞರಾಗಿರುವ ಸಂಗತಿಗಳನ್ನು ಬರೆದರು. ಕಿರಿಕಿರಿಗಳನ್ನು ಬರೆದವರಿಗಿಂತ ಅವರಿಗೆ ಬದುಕು ಹೆಚ್ಚು ತೃಪ್ತಿಕರವೆನಿಸಿತು. ಗಮನಿಸಿ, ವಾರಕ್ಕೊಮ್ಮೆ. ದಿನಾ ಬರೆಯಲೇಬೇಕೆಂಬ ಹಟ ಬೇಡ. ಬರೆಯುವಾಗ ‘ಮಕ್ಕಳು ಆರೋಗ್ಯವಾಗಿದ್ದಾರೆ’ ಎಂಬ ಸಗಟು ಮಾತಿಗಿಂತ ‘ಇಂದು ಮಧ್ಯಾಹ್ನ ಮಗಳು ತನ್ನ ಹೊದಿಕೆಯ ಅರ್ಧವನ್ನು ನನ್ನ ಕಾಲಿಗೆ ಹೊದಿಸಿದಳು’ ಎಂಬ ಬಿಡಿ ಸಂಗತಿ ಮೇಲು. ಕೆಟ್ಟ ದಿನವನ್ನು ಒಳ್ಳೆಯದೆಂದು ಬಣ್ಣಿಸುವ ಬಲವಂತ ಮಾತ್ರ ಮಾಡಿಕೊಳ್ಳಬೇಡಿ. ಕೆಲವು ದಿನ ಒಳ್ಳೆಯದೆಂದರೆ ಅದು ಮುಗಿದದ್ದು. ಅದನ್ನೇ ಬರೆಯಿರಿ.

ಆರನೆಯ ಹೆಜ್ಜೆ: ನೆನಪನ್ನು ಬಿಸಿಯಿರುವಾಗಲೇ ಹಿಡಿಯಿರಿ

ಹೆಚ್ಚಿನ ದೊಡ್ಡವರಿಗೆ ಅವರ ಮೊತ್ತಮೊದಲ ನೆನಪು ಮೂರು, ಮೂರೂವರೆ ವರ್ಷದ ಸುಮಾರಿನದು. ಅದಕ್ಕಿಂತ ಹಿಂದಿನದು ಅಳಿಸಿಹೋಗಿರುತ್ತದೆ. ಅಂದರೆ ನಿಮ್ಮ ಮಗುವಿನ ಮೊದಲ ಮೂರು ವರ್ಷಗಳಿಗೆ ಮಗು ತಾನೇ ಸಾಕ್ಷಿಯಾಗುವುದಿಲ್ಲ. ಆ ಕಾಲ ಉಳಿದರೆ ನಿಮ್ಮಲ್ಲಿ ಉಳಿಯಬೇಕು. ಆದರೆ ನಮ್ಮ ನೆನಪನ್ನೂ ನೆಚ್ಚಿಕೊಳ್ಳುವಂತಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಹೆರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ತನ್ನ ಮರೆವನ್ನೇ ಅಳೆದು 1885ರಲ್ಲಿ ಪ್ರಕಟಿಸಿದ. ಮರೆವಿನ ದೊಡ್ಡ ಪಾಲು ಮೊದಲ ಒಂದು ಗಂಟೆಯೊಳಗೇ ಆಗಿಹೋಗುತ್ತಿತ್ತು. ಮಗುವಿನ ಮಾತು ಅರ್ಥವಿಲ್ಲದ ಅಕ್ಷರವಲ್ಲ, ನಿಜ. ಆದರೂ ಬೆಳಿಗ್ಗೆ ಹೊಟ್ಟೆ ಹಿಡಿದು ನಕ್ಕ ಮಾತು ಸಂಜೆಗೆ ‘ಏನೋ ಹೇಳಿದ್ದಳಲ್ಲ’ ಎಂದಾಗುವುದನ್ನು ಎಲ್ಲ ತಾಯಂದಿರೂ ಬಲ್ಲರು.

ಕೈಗೆ ಸಿಗುವ ಜಾಗದಲ್ಲಿ ಒಂದು ಪುಟ್ಟ ಪುಸ್ತಕ, ಅದಕ್ಕೇ ಕಟ್ಟಿದ ಪೆನ್ಸಿಲು ಇರಲಿ. ತಾರೀಖು, ಮಗುವಿನ ವಯಸ್ಸು, ಒಂದು ಸಾಲು. ಮೊದಲ ಹೆಜ್ಜೆ, ಮೊದಲ ಹಲ್ಲು ಇವನ್ನು ಹೇಗಿದ್ದರೂ ಯಾರಾದರೂ ನೆನಪಿಟ್ಟುಕೊಂಡಿರುತ್ತಾರೆ. ಬರೆಯದಿದ್ದರೆ ಕಳೆದೇಹೋಗುವಂಥದ್ದನ್ನು ಬರೆಯಿರಿ: ತಪ್ಪಾಗಿ ಉಚ್ಚರಿಸುವ ಪದ, ಕತ್ತಲಲ್ಲಿ ಕೇಳಿದ ಪ್ರಶ್ನೆ, ನಿದ್ದೆ ಬರುವ ಮುನ್ನ ನಿಮ್ಮ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳುವ ಅಭ್ಯಾಸ. ತೊದಲು ಪದವೊಂದು ಯಾವ ದಿನ ಸರಿಯಾಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ದಿನ ಮಗು ಸರಿಯಾಗಿಯೇ ಹೇಳುತ್ತಿರುತ್ತದೆ, ಹಳೆಯ ಪದ ಮನೆಯಿಂದ ಹೊರಟುಹೋಗಿರುತ್ತದೆ. ಮಗು ಹೇಳಿದ್ದನ್ನು ನಿಮ್ಮ ಮಾತಿಗೆ ತಿರುಗಿಸದೆ, ಅದು ಹೇಳಿದ ಹಾಗೆಯೇ ಬರೆಯಿರಿ. ಬರೆಯಲು ಕೈ ಬಿಡುವಿಲ್ಲದಿದ್ದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಚಿತ್ರಗಳು ಸಾವಿರಾರು ಇರುತ್ತವೆ, ಧ್ವನಿ ಮಾತ್ರ ಹುಡುಕಿದರೂ ಸಿಗುವುದಿಲ್ಲ.

ಫೋಟೋ ವಿಚಾರದಲ್ಲಿ ಒಂದು ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯಕ್ಕೆ ಹೋದವರು ಸುಮ್ಮನೆ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳನ್ನು ಕಡಿಮೆ ನೆನಪಿಟ್ಟುಕೊಂಡಿದ್ದರು. ಕ್ಯಾಮೆರಾ ನೋಡಿಕೊಳ್ಳುತ್ತದೆ ಎಂದು ಮನಸ್ಸು ಕೈಬಿಟ್ಟಿರಬೇಕು. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ತಂದುಕೊಂಡು ಚಿತ್ರ ತೆಗೆದಾಗ ನೆನಪು ಹಾಗೆ ಮಸುಕಾಗಲಿಲ್ಲ. ಆದ್ದರಿಂದ ಎರಡು ಮೂರು ಚಿತ್ರ ತೆಗೆದು ಮೊಬೈಲು ಕೆಳಗಿಡಿ. ತೆಗೆಯುವಾಗ ಇಡೀ ಕೋಣೆಯ ಬದಲು ಕೈ, ಪಾದ, ಕುತ್ತಿಗೆಯ ಹಿಂದಿನ ಕೂದಲ ಸುಳಿ ಇಂಥವನ್ನು ಹತ್ತಿರದಿಂದ ತೆಗೆಯಿರಿ. ಮತ್ತೆ, ನೀವೂ ಚಿತ್ರದೊಳಗೆ ಬನ್ನಿ. ಮನೆಯ ಫೋಟೋಗಳಲ್ಲಿ ತಾಯಿ ಇರುವುದೇ ಇಲ್ಲ, ಏಕೆಂದರೆ ತೆಗೆದವಳು ಅವಳೇ. ಕೂದಲು ಕೆದರಿದೆ, ಬಟ್ಟೆ ಮಾಸಿದೆ ಎಂದು ಹಿಂಜರಿಯಬೇಡಿ. ಮುಂದೆ ಮಗು ಹುಡುಕುವುದು ನಿಮ್ಮ ಮುಖವನ್ನು.

ತಿಂಗಳಿಗೊಮ್ಮೆ ಹತ್ತು ಚಿತ್ರ ಆರಿಸಿ ಬೇರೆಯಿಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದಾಚೆ ಎನ್ನುವುದು ಕಂಪ್ಯೂಟರ್ ಬಲ್ಲವರ ಹಳೆಯ ನಿಯಮ. ಮುದ್ರಿಸಿದ ಚಿತ್ರದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು, ತಾರೀಖು ಬರೆದು, ಬಿಸಿಲು ತೇವ ತಾಗದ ಕಡೆ ಇಡಿ. ಯಾರ ಚಿತ್ರವೆಂದು ನಿಮಗೆ ಗೊತ್ತಿದೆ, ನಿಮ್ಮ ಮೊಮ್ಮಕ್ಕಳಿಗೆ ಗೊತ್ತಿರುವುದಿಲ್ಲ.

ಏಳನೆಯ ಹೆಜ್ಜೆ: ನೆನಪನ್ನು ಬಾಯಲ್ಲಿ ಆಡಿ

ಬರೆದಿಟ್ಟರಷ್ಟೇ ಸಾಲದು. ರಾಬಿನ್ ಫಿವುಶ್, ಇಲೇನ್ ರೀಸ್ ಮೊದಲಾದ ಸಂಶೋಧಕರು ತಾಯಿ-ಮಕ್ಕಳ ಮಾತುಕತೆಯನ್ನು ದಶಕಗಳ ಕಾಲ ಆಲಿಸಿ ಕಂಡುಕೊಂಡದ್ದಿದು: ಆಗಿಹೋದದ್ದರ ಬಗ್ಗೆ ತಾಯಿ ವಿವರವಾಗಿ, ಬಿಡಿಸಿ ಕೇಳುತ್ತಾ ಮಾತಾಡಿದರೆ ಮಕ್ಕಳ ಸ್ವಂತ ನೆನಪುಗಳೂ ಹೆಚ್ಚು ವಿವರವಾಗಿ ಬೆಳೆಯುತ್ತವೆ. ಹೌದು-ಇಲ್ಲ ಎಂಬ ಉತ್ತರದ ಪ್ರಶ್ನೆ ಬಿಡಿ. ಮಲಗುವ ಹೊತ್ತಿನಲ್ಲಿ ಹೀಗೆ:

‘ಇವತ್ತು ಮಳೆ ಬಂದಾಗ ನಾವಿಬ್ಬರೂ ಎಲ್ಲಿ ನಿಂತಿದ್ದೆವು?’
‘ಮರದ ಕೆಳಗೆ.’
‘ಹೂಂ, ದೊಡ್ಡ ಮರ. ಆಗ ನಿನ್ನ ತಲೆ ಮೇಲೆ ಏನು ಬಿತ್ತು?’
‘ಎಲೆ! ಒದ್ದೆ ಎಲೆ. ಅಮ್ಮಾ, ನೀನು ನಕ್ಕೆ.’
‘ನಕ್ಕೆ. ನಿನಗೆ ಹೇಗನಿಸಿತು?’

ಮಗು ತಪ್ಪು ಹೇಳಿದರೆ ತಿದ್ದಲು ಹೋಗಬೇಡಿ. ಅದು ಕಂಡದ್ದು ಅದರದು. ನೋವಿನ ಸಂಗತಿಯನ್ನೂ ಹೀಗೆಯೇ ಆಡಿ. ಬಿದ್ದದ್ದು, ಆಸ್ಪತ್ರೆಗೆ ಹೋದದ್ದು, ತೀರಿಕೊಂಡ ಅಜ್ಜಿ. ಹೆಸರು ಹೇಳಿ, ಅವರು ಹೇಗೆ ನಡೆಯುತ್ತಿದ್ದರು, ಹೇಗೆ ಕರೆಯುತ್ತಿದ್ದರು ಎಂದು ಹೇಳಿ. ಮಾತಿನ ನಡುವೆ ನಿಮಗೆ ಅಳು ಬಂದರೆ ಬರಲಿ, ‘ಅಜ್ಜಿಯ ನೆನಪಾಯಿತು’ ಎಂದು ಕಾರಣ ಹೇಳಿದರೆ ಮಗು ಹೆದರುವುದಿಲ್ಲ.

ಹುಟ್ಟುವ ಮುನ್ನವೋ ಹುಟ್ಟಿದ ಮೇಲೋ ಮಗುವನ್ನು ಕಳೆದುಕೊಂಡ ತಾಯಂದಿರು ಇದನ್ನು ಓದುತ್ತಿದ್ದರೆ: ಆ ಮಗುವೂ ನಿಮ್ಮ ಪುಸ್ತಕದಲ್ಲಿರಲಿ. ತಾರೀಖು, ಇಟ್ಟ ಅಥವಾ ಇಡಬೇಕೆಂದಿದ್ದ ಹೆಸರು, ಅದರ ಬಗ್ಗೆ ನಿಮಗೆ ಗೊತ್ತಿರುವಷ್ಟು. ‘ಮರೆತುಬಿಡು’ ಎನ್ನುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ನಿಮ್ಮ ತಾಯಿ ಬದುಕಿದ್ದರೆ ಅವರನ್ನೂ ಕೇಳಿ. ನಾನು ಹುಟ್ಟಿದಾಗ ನಿನಗೆ ಯಾವುದರ ಭಯವಿತ್ತು, ನಿನಗೆ ಯಾರು ನೆರವಾದರು, ರಾತ್ರಿ ನಾನು ಅಳುವಾಗ ನೀನು ಏನು ಮಾಡುತ್ತಿದ್ದೆ? ಧ್ವನಿಮುದ್ರಿಸಿಕೊಳ್ಳಲು ಒಪ್ಪಿಗೆ ಪಡೆದು, ಮೊಬೈಲನ್ನು ಮೇಜಿನ ಮೇಲಿಟ್ಟು ಮರೆತುಬಿಡಿ. ಅವರು ಸುಮ್ಮನಾದಾಗ ಮುಂದಿನ ಪ್ರಶ್ನೆಗೆ ಆತುರಪಡಬೇಡಿ. ಹೇಳಬೇಕೋ ಬೇಡವೋ ಎಂದುಕೊಂಡಿದ್ದ ಮಾತು ಬರುವುದು ಆ ಮೌನ ಕಳೆದ ಮೇಲೆ. ಎಲ್ಲರಿಗೂ ತಾಯಿಯ ನೆನಪು ಹಿತವಾಗಿರುವುದಿಲ್ಲ ಎಂಬುದನ್ನೂ ಬಲ್ಲೆ. ಹಾಗಿದ್ದವರು ಇದನ್ನು ಬಿಟ್ಟುಬಿಡಿ, ನಿಮ್ಮನ್ನು ಪ್ರೀತಿಯಿಂದ ಕಂಡ ಇನ್ನಾರನ್ನಾದರೂ ಕೇಳಿ.

ಆರಂಭಿಸುವವರಿಗೆ ಒಂದೆರಡು ಮಾತು

ಏಳನ್ನೂ ಒಟ್ಟಿಗೆ ಹಿಡಿಯಬೇಡಿ. ಮಗು ಆರು ತಿಂಗಳೊಳಗಿನದಾದರೆ ಮೊದಲ ಹೆಜ್ಜೆ ಮತ್ತು ನಲ್ಲಿಯ ಉಸಿರು, ಅಷ್ಟೇ. ಎರಡರಿಂದ ಐದರೊಳಗಿನ ಮಕ್ಕಳಿದ್ದರೆ ತಲೆಯೊಳಗಿನ ಪಟ್ಟಿಯಿಂದ ಶುರುಮಾಡಿ, ಹತ್ತು ನಿಮಿಷದ ಆಟ ಸೇರಿಸಿಕೊಳ್ಳಿ. ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾಗಿದ್ದರೆ ಮಲಗುವ ಹೊತ್ತಿನ ಮಾತು ಒಳ್ಳೆಯ ಆರಂಭ. ಹದಿಹರೆಯದವರು ಮುಖ ಕೊಟ್ಟು ಮಾತಾಡುವುದಿಲ್ಲ. ಪಕ್ಕಪಕ್ಕದಲ್ಲಿ ನಡೆಯುವಾಗ, ಪ್ರಯಾಣ ಮಾಡುವಾಗ, ಬಟ್ಟೆ ಮಡಚುವಾಗ ಆಡುತ್ತಾರೆ. ಅವರ ಬಗ್ಗೆ ಬರೆದದ್ದನ್ನು, ತೆಗೆದ ಚಿತ್ರವನ್ನು ಇತರರಿಗೆ ತೋರಿಸುವ ಮೊದಲು ಅವರನ್ನು ಕೇಳಿ, ಬೇಡವೆಂದರೆ ತೋರಿಸಬೇಡಿ.

ಪುಸ್ತಕ ವಾರಗಟ್ಟಲೆ ಖಾಲಿ ಉಳಿದರೆ ಹಿಂದಿನದನ್ನು ತುಂಬಿಸಲು ಕೂರಬೇಡಿ. ಆ ಬಾಕಿಯ ಭಯಕ್ಕೇ ಎಷ್ಟೋ ಪುಸ್ತಕಗಳು ಮತ್ತೆ ತೆರೆಯದೆ ಉಳಿದುಬಿಡುತ್ತವೆ. ಹೊಸ ಪುಟ ತಿರುಗಿಸಿ ಇಂದಿನ ತಾರೀಖು ಹಾಕಿ, ಮಗು ಇಂದು ಹೇಳಿದ ಒಂದು ಮಾತು ಬರೆಯಿರಿ.